ಗಾಜಿನ ಮೇಲೆ ಮೂಗಿನ ಗುರುತು

ಮೂಗಿನ ವಿಷಯವನ್ನು ಇನ್ನು ಮುಂದೂಡುವಂತಿಲ್ಲ, ಛಾಯಾಗ್ರಹಣದ ಚರಿತ್ರೆ ಬರೆದವರೆಲ್ಲ ಬೆಳಕಿನ ಬಗ್ಗೆ ಬರೆದರು, ಗಾಜಿನ ಬಗ್ಗೆ ಬರೆದರು, ಬೆಳ್ಳಿಯ ಲವಣಗಳ ಬಗ್ಗೆ ಬರೆದರು, ಕಣ್ಣಿನ ಬಗ್ಗೆಯಂತೂ ಕಪಾಟುಗಟ್ಟಲೆ ಬರೆದರು, ಆದರೆ ಕಣ್ಣು ಹೋದಲ್ಲೆಲ್ಲ ಕರೆಯದೆ ಹೋಗಿ ನಿಲ್ಲುವ ಈ ಅಂಗದ ಬಗ್ಗೆ ಒಬ್ಬ ಪುಣ್ಯಾತ್ಮನೂ ಒಂದು ಅಡಿಟಿಪ್ಪಣಿ ಹಾಕಲಿಲ್ಲ — ಅದರ ಫಲ ಈಗ ಮೇಜಿನ ಮೇಲಿದೆ, ಹೊಸ ಫುಲ್ ಫ್ರೇಮ್ ಕ್ಯಾಮೆರಾ, ಲೆನ್ಸ್ ಕಳಚಿದ ಬರಿಯ ಒಡಲು, ಬಾಯಿಗೆ ಮುಚ್ಚಳ ಹಾಕಿಸಿಕೊಂಡು ಬೆನ್ನು ಮೇಲೆ ಮಾಡಿ ಮಲಗಿದೆ, ಬೆನ್ನಿನ ಪರದೆಯ ಬಲ ಅರ್ಧದಲ್ಲಿ, ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಕಾಣುವ ಒಂದು ಜಿಡ್ಡಿನ ಗುರುತು, ಬೆಳ್ಳುಳ್ಳಿ ಎಸಳಿನಷ್ಟು, ಒಂದು ಕಡೆ ದಪ್ಪ ಒಂದು ಕಡೆ ಚೂಪು, ಯಾರದ್ದೆಂದು ಕೇಳುವ ಹಾಗೇ ಇಲ್ಲ, ಈ ಕೋಣೆಯಲ್ಲಿ ಅಷ್ಟುದ್ದದ ಮೂಗು ಒಂದೇ, ಅಪ್ಪನಿಂದ ಬಂದದ್ದು, ಸ್ಟುಡಿಯೋ ನನಗೂ ತಮ್ಮನಿಗೂ ಸಮಪಾಲು, ಮೂಗು ಮಾತ್ರ ಪೂರ್ತಿ ನನಗೆ, ತಮ್ಮನದು ಅಮ್ಮನ ಮೂಗು, ಅಂಗಿಯ ಗುಂಡಿಯಂಥದ್ದು, ಎಷ್ಟು ಒತ್ತಿಕೊಂಡರೂ ಗಾಜಿಗೆ ತಾಗುವುದಿಲ್ಲ, ಅದಕ್ಕೇ ಅವನಿಗೆ ಕಾರಣ ಹೊಳೆಯುತ್ತಿಲ್ಲ, ಆ ಕಡೆ ದೊಡ್ಡ ಮಾನಿಟರಿನ ಮುಂದೆ ಕೂತು ಎಣಿಸುತ್ತಿದ್ದಾನೆ, ಹನ್ನೊಂದು, ಅಕ್ಕ, ನಲವತ್ತರಲ್ಲಿ ಹನ್ನೊಂದು ಹಾಳಾಗಿವೆ, ನನ್ನವು ನಲವತ್ತೂ ಸರಿ ಇವೆ, ಮಾವಂದೂ ನಲವತ್ತೂ ಸರಿ, ನಿಂದರಲ್ಲೇ ಯಾಕೆ ಫೋಕಸ್ಸು ಹಿಂಗೆ ಬೀದಿ ಅಲೀತಿದೆ — ಯಾಕೆಂದು ನನಗೆ ಗೊತ್ತು. ಎರಡು ಗಂಟೆಯಿಂದ ಗೊತ್ತು. ಈಗ ಮೂರೂ ಹತ್ತು. ನಾಲ್ಕಕ್ಕೆ ಕಂಪನಿಯ ಏಜೆಂಟ್ ಪೆಟ್ಟಿಗೆ ಹಿಡಿದುಕೊಂಡು ಬರುತ್ತಾನೆ, ಮೂರು ದಿನದ ಪರೀಕ್ಷೆಗೆಂದು ಕೊಟ್ಟ ಕ್ಯಾಮೆರಾ, ಇಟ್ಟುಕೊಂಡರೆ ಸಹಿ, ಇಲ್ಲದಿದ್ದರೆ ವಾಪಸ್ಸು, ಗೊತ್ತಿರುವುದನ್ನು ಬಾಯಿಬಿಟ್ಟರೆ ಕ್ಯಾಮೆರಾ ಉಳಿಯುತ್ತದೆ, ಆದರೆ ಗುರುತು ಪರದೆಯ ಬಲಕ್ಕೆ ಬೀಳಬೇಕಾದರೆ ನಾನು ಎಡಗಣ್ಣಿನಿಂದ ನೋಡಿರಬೇಕು, ಎಡಗಣ್ಣು ಯಾಕೆ ಎಂದರೆ ಬಲಗಣ್ಣಿನ ವಿಷಯ ಹೇಳಬೇಕು, ಅದನ್ನು ಹೇಳಿದರೆ ಜವಳಿ ಗಿರಣಿಯವರು ತೆಗೆಯಲು ಒಪ್ಪಿಸಿದ ನಾನೂರ ಹನ್ನೆರಡು ಮುಖಗಳು ತಮ್ಮನ ಪಾಲಾಗುತ್ತವೆ.

ಒಳ್ಳೆಯ ಕ್ಯಾಮೆರಾ, ಅದರಲ್ಲಿ ಎರಡು ಮಾತಿಲ್ಲ, ಕೈಗೆ ಬಂದ ಮೊದಲ ನಿಮಿಷದಲ್ಲೇ ಗೊತ್ತಾಯಿತು, ಹಿಡಿಯಲ್ಲಿ ಕಿರುಬೆರಳಿಗೂ ಜಾಗ ಬಿಟ್ಟಿದ್ದಾರೆ, ಕಿರುಬೆರಳನ್ನು ನೆನೆಯುವವರು ಉಳಿದದ್ದನ್ನೂ ನೆನೆದಿರುತ್ತಾರೆ, ತಮ್ಮನಿಗೆ ಅಷ್ಟು ಸಾಲದು, ಬಿಳಿ ಹಲಗೆಯ ಮೇಲೆ ಇಪ್ಪತ್ತಮೂರು ಅಂಶಗಳ ಪಟ್ಟಿ, ಕತ್ತಲಲ್ಲಿ ಚಿತ್ರ ಎಷ್ಟು ಕಾಳುಕಾಳಾಗುತ್ತದೆ, ಬ್ಯಾಟರಿ ಎಷ್ಟು ಹೊತ್ತು, ಎರಡು ಕಾರ್ಡು ಇದೆಯೋ ಒಂದೋ, ಈ ಕಟ್ಟಡದ ಗೋಡೆ ಸೋರುತ್ತದೆಯೇ ಎಂದು ಒಂದು ದಿನವೂ ಕೇಳದವನು ಕ್ಯಾಮೆರಾ ನೆನೆಯುತ್ತದೆಯೇ ಎಂದು ಏಜೆಂಟನ ತಲೆ ತಿಂದ, ಇನ್ನು ಮುಕ್ಕಾಲಿ ಮಾವ — ಅಪ್ಪನ ಕಾಲದಿಂದ ಇಲ್ಲಿರುವವರು, ಮೂರು ಕಾಲಿನ ಸ್ಟ್ಯಾಂಡ್ ಇಲ್ಲದೆ ಒಂದು ಚಿತ್ರವನ್ನೂ ತೆಗೆಯದವರು, ಅದಕ್ಕೇ ಆ ಹೆಸರು, ಕಟ್ಟಡಗಳು ಅವರವು, ಓಡುವುದು ಹಾರುವುದೆಲ್ಲ ತಮ್ಮನದು, ಮುಖಗಳು ನನ್ನವು, ಮೂವತ್ತು ವರ್ಷದಿಂದ ಬರೆಯದ ಒಪ್ಪಂದ — ಮಾವ ಹೊಸ ಕ್ಯಾಮೆರಾದ ಕಿಂಡಿಯಲ್ಲಿ ಒಂದು ಸಲ ಇಣುಕಿ ಮುಖ ಹಿಂದಕ್ಕೆ ತೆಗೆದು ಹೇಳಿದರು, ಏನಮ್ಮಾ ಇದು, ಒಳಗೆ ಟಿವಿ ಇಟ್ಟಿದ್ದಾರೆ, ನಾನು ಮುಂದಿರೋ ಮನೆ ನೋಡೋಣ ಅಂತ ಬಂದೆ, ಇದು ಮನೆಯ ಸುದ್ದಿ ಹೇಳ್ತಿದೆ. ತಮ್ಮ ಹೇಳಿದ, ಮಾವ, ಅದು ಎಲೆಕ್ಟ್ರಾನಿಕ್ ಕಿಂಡಿ, ತೆಗೆಯೋಕೆ ಮುಂಚೇನೇ ಚಿತ್ರ ಹೆಂಗೆ ಬರುತ್ತೆ ಅಂತ ತೋರಿಸುತ್ತೆ. ಮಾವ ಹೇಳಿದರು, ಮುಂಚೇನೇ ಗೊತ್ತಾದ್ಮೇಲೆ ತೆಗೆಯೋದ್ಯಾಕಪ್ಪಾ. ಆಮೇಲೆ ಸ್ಟ್ಯಾಂಡಿಗೆ ಏರಿಸಿ ನಲವತ್ತು ಚಿತ್ರ ತೆಗೆದರು, ನಲವತ್ತೂ ಕಲ್ಲಿನಲ್ಲಿ ಕೆತ್ತಿದ ಹಾಗೆ, ಅವರ ಕೈ ನಡುಗುತ್ತದೆ, ನನಗೆ ಗೊತ್ತು, ನನಗೆ ಗೊತ್ತಿರುವುದು ಅವರಿಗೂ ಗೊತ್ತು, ಸ್ಟ್ಯಾಂಡ್ ಅಂದ್ರೆ ಶಿಸ್ತು ಕಣಮ್ಮಾ ಎಂದು ಹೊಸಬರಿಗೆಲ್ಲ ಉಪದೇಶ ಮಾಡುತ್ತಾರೆ, ನಾವು ತಲೆ ಆಡಿಸುತ್ತೇವೆ.

ನಲವತ್ತು ಚಿತ್ರ ತೆಗೆಯುವುದು ಎದುರಿನ ಕ್ಷೌರದಂಗಡಿಯಲ್ಲಿ, ಅದು ಅಪ್ಪ ಹಾಕಿಕೊಟ್ಟ ಪದ್ಧತಿ, ಯಾವ ಕ್ಯಾಮೆರಾ ಬಂದರೂ ಮೊದಲು ರಸ್ತೆ ದಾಟಿಸಿ ಅಲ್ಲಿಗೆ ಒಯ್ಯಬೇಕು, ಅಪ್ಪಟ ಬಿಳಿಗೆ ನೊರೆ, ಅಪ್ಪಟ ಕಪ್ಪಿಗೆ ಕೂದಲು, ನಡುವೆ ಬಗೆಬಗೆಯ ಚರ್ಮ, ಮಿಂಚಿನ ಹಾಗೆ ಓಡುವ ಕತ್ತರಿ, ಜೊತೆಗೆ ಕನ್ನಡಿ, ಇಷ್ಟನ್ನೂ ಒಂದೇ ಚೌಕಟ್ಟಿನಲ್ಲಿ ಸಂಭಾಳಿಸಿದರೆ ಪಾಸು, ಕ್ಷೌರಿಕನೂ ಈ ಪರೀಕ್ಷೆಯನ್ನು ನಮ್ಮಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದಾನೆ, ಏಳು ಕ್ಯಾಮೆರಾ ನೋಡ್ದೆ ಅಕ್ಕಾ, ಎಲ್ಲ ಹೊಸ ಹೊಸದು ಬರ್ತಾವೆ, ನನ್ನ ಮುಖ ಮಾತ್ರ ಹಳೇ ಮಾಡೆಲ್ಲೇ, ಇವತ್ತು ಮಧ್ಯಾಹ್ನ ನಾನು ಬಾಗಿಲಲ್ಲಿ ನಿಂತು ಹದಿನೈದು ಒತ್ತಿದೆ, ಅವನು ಕತ್ತರಿ ನಿಲ್ಲಿಸಿ ಕೇಳಿದ, ಶುರು ಮಾಡಲ್ವಾ, ಆಯ್ತಲ್ಲ ಮಾರಾಯ ಹದಿನೈದು, ಅಯ್ಯೋ ಸದ್ದೇ ಇಲ್ಲ, ಕಳ್ಳತನಕ್ಕೆ ಹೇಳಿ ಮಾಡಿಸಿದಂಗಿದೆ. ಹಳೆಯದು ಕ್ಲಿಕ್ ಎನ್ನುತ್ತಿತ್ತು, ಕುರ್ಚಿಯಲ್ಲಿ ಕೂತವನು ಮೊದಲ ಕ್ಲಿಕ್ಕಿಗೇ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಿದ್ದ, ಇವತ್ತು ಹೊಟ್ಟೆ ಇದ್ದಲ್ಲೇ ಇತ್ತು, ಮುಖವೂ ಇದ್ದ ಹಾಗೇ ಇತ್ತು, ಇಂಥ ಮುಖಕ್ಕಾಗಿ ನಾನು ಮೂವತ್ತು ವರ್ಷ ಕಾದಿದ್ದೇನೆ — ಆದರೆ ಮಾನಿಟರಿನಲ್ಲಿ ನೋಡಿದರೆ ಹನ್ನೊಂದು ಚಿತ್ರಗಳಲ್ಲಿ ಮುಖ ಮಂಜು, ಹಿಂದೆ ಮೊಳೆಗೆ ನೇತುಹಾಕಿದ ಟವೆಲು ಮಾತ್ರ ದಾರ ದಾರ ಎಣಿಸುವಷ್ಟು ಸ್ಪಷ್ಟ, ಟವೆಲಿನ ಅಷ್ಟು ಸೊಗಸಾದ ಭಾವಚಿತ್ರವನ್ನು ಯಾರೂ ತೆಗೆದಿರಲಾರರು. ಹೊರಡುವಾಗ ಕ್ಷೌರಿಕ ಕನ್ನಡಿಯೊಳಗಿಂದಲೇ ನೋಡುತ್ತ, ಅವನು ಯಾರನ್ನೂ ನೇರ ನೋಡುವವನಲ್ಲ, ಹೇಳಿದ, ಅಕ್ಕಾ, ಒಂದು ಮಾತು, ಇಷ್ಟು ವರ್ಷ ನೀವು ಕ್ಯಾಮೆರಾ ಹಿಡಿದಾಗೆಲ್ಲ ನಂಗೆ ಕಾಣ್ತಿದ್ದದ್ದು ನಿಮ್ಮ ಎಡಗೆನ್ನೆ, ಇವತ್ತು ಬಲಗೆನ್ನೆ ಕಾಣ್ತು, ಯಾರೋ ಬೇರೆಯವರು ಬಂದವ್ರೆ ಅಂದ್ಕೊಂಡೆ. ನಾನು ನಕ್ಕೆ. ಅವನು ನಗಲಿಲ್ಲ, ಬ್ರಷ್ಷು ತೊಳೆದ. ಮೆಟ್ಟಿಲು ಹತ್ತುವಾಗ, ಕಬ್ಬಿಣದ ಮೆಟ್ಟಿಲು, ಹದಿನೇಳು, ಒಂಬತ್ತನೆಯದು ಅಲುಗುತ್ತದೆ, ಆ ಒಂಬತ್ತನೆಯದರ ಮೇಲೆ ನಿಂತು ಕ್ಯಾಮೆರಾದ ಬೆನ್ನು ತಿರುಗಿಸಿ ನೋಡಿದೆ, ಇತ್ತು, ಬೆಳ್ಳುಳ್ಳಿ ಎಸಳು. ಈ ಕ್ಯಾಮೆರಾದ ಪರದೆಗೆ ಮುಟ್ಟಿದರೆ ತಿಳಿಯುತ್ತದೆ, ಕಣ್ಣು ಕಿಂಡಿಯಲ್ಲಿರುವಾಗ ಪರದೆಯ ಬಲ ಅರ್ಧದ ಮೇಲೆ ಹೆಬ್ಬೆರಳು ಸರಿಸಿದರೆ ಫೋಕಸ್ಸಿನ ಚೌಕ ಅತ್ತ ಸರಿಯುತ್ತದೆ, ಜಾಣತನವೇ, ಆದರೆ ಹೆಬ್ಬೆರಳು ಯಾವುದು ಮೂಗು ಯಾವುದು ಎಂದು ಅದಕ್ಕೇನು ಗೊತ್ತು, ಬಲಗಣ್ಣಿನವರ ಮೂಗು ಎಡಕ್ಕೆ ಬೀಳುತ್ತದೆ, ಅಲ್ಲಿ ಮುಟ್ಟಿದರೆ ಏನೂ ಆಗುವುದಿಲ್ಲ, ಎಡಗಣ್ಣಿನವಳ ಮೂಗು ಸರಿಯಾಗಿ ಬಲಕ್ಕೆ, ಉಸಿರಾಡಿದಾಗೊಮ್ಮೆ ಚೌಕ ಟವೆಲಿಗೆ. ಇಟ್ಟ ಕಡೆ ಚೌಕ ಇರುತ್ತದೆ ಎಂಬ ಮೂವತ್ತು ವರ್ಷದ ನಂಬಿಕೆ, ನಾನು ಚೌಕವನ್ನು ನೋಡುತ್ತಲೇ ಇರಲಿಲ್ಲ, ಮುಖ ನೋಡುತ್ತಿದ್ದೆ.

ಮುಖ ನೋಡುವುದೆಂದರೆ, ಎಂಟು ತಿಂಗಳ ಹಿಂದೆ ಒಂದು ಬೆಳಗ್ಗೆ ಹಳೆಯ ಕ್ಯಾಮೆರಾದ ಕಿಂಡಿಗೆ ಬಲಗಣ್ಣು ಇಟ್ಟಾಗ ಎದುರಿನ ಶಾಲಾ ಮಾಸ್ತರರಿಗೆ ಕಿವಿಗಳಿದ್ದವು, ಕೂದಲಿತ್ತು, ಕಾಲರು ಇತ್ತು, ನಡುವೆ ಮೂಗಿರಲಿಲ್ಲ, ಅದರ ಜಾಗದಲ್ಲಿ ಒಂದು ಬೂದು ಮಸುಕು, ಲೆನ್ಸ್ ಒರೆಸಿದೆ, ಕಿಂಡಿ ಒರೆಸಿದೆ, ಮಾಸ್ತರರನ್ನು ಮಾತ್ರ ಒರೆಸಲಿಲ್ಲ. ಕಣ್ಣಿನ ಡಾಕ್ಟರಮ್ಮ ಕೇಳಿದರು, ಏನು ಕೆಲಸ ಮಾಡ್ತೀರಿ, ಮನೇಲೇ ಇರ್ತೀನಿ ಅಂದೆ, ಯಾಕೆ ಅಂದೆನೋ, ಆಮೇಲೆ ಅವರ ಯಂತ್ರದಲ್ಲಿ ಗದ್ದ ಊರಿ ಕೂತವಳು ಸುಮ್ಮನಿರಲಾರದೆ, ನಿಮ್ಮ ಲೆನ್ಸಿನ ಅಂಚಲ್ಲಿ ಧೂಳಿದೆ, ಒಳಗಡೆ, ಎಂದೆ, ಅವರು ಬಗ್ಗಿ ನೋಡಿ, ಇದೆ, ಮನೇಲೇ ಇರೋರಿಗೆ ಇದು ಕಾಣಲ್ಲ ಎಂದರು. ಚೀಟಿಯ ಮೇಲೆ ಕಣ್ಣಿನ ಚಿತ್ರ ಬರೆದು ಹಿಂಬದಿಯಲ್ಲಿ ಒಂದು ಚುಕ್ಕೆ ಇಟ್ಟರು, ಪಿಕ್ಚರು ಬೀಳೋ ಜಾಗದಲ್ಲೇ ಸವೆದಿದೆ, ಇನ್ನು ಹೆಚ್ಚು ಮಾಡೋಕಾಗಲ್ಲ, ಎಡಗಣ್ಣು ಗಟ್ಟಿಮುಟ್ಟಾಗಿದೆ, ಎರಡು ಮೂರು ಸಲ ಹೇಳಿದರು, ಗಟ್ಟಿಮುಟ್ಟಾಗಿದೆ. ಇರದೇ ಏನು, ಮೂವತ್ತು ವರ್ಷ ಕೆಲಸದ ಹೊತ್ತಿನಲ್ಲೆಲ್ಲ ಮುಚ್ಚಿಕೊಂಡು ಮಲಗಿದ ಕಣ್ಣು, ಮೂಲೆಯ ಮೇಜಿನಲ್ಲಿ ತೂಕಡಿಸುತ್ತ ಸಂಬಳ ತೆಗೆದುಕೊಂಡ ಗುಮಾಸ್ತ, ಅದಕ್ಕೆ ಒಂದೇ ದಿನದಲ್ಲಿ ಬಡ್ತಿ, ಇಪ್ಪತ್ತು ದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಪಾಠ ಮಾಡಿದೆ, ಅಡುಗೆಮನೆಯ ನಲ್ಲಿಯ ಹನಿ, ಬಟ್ಟೆ ಒಣಹಾಕುವ ತಂತಿಯ ಮೇಲಿನ ಕ್ಲಿಪ್ಪು, ಎದುರು ಮನೆಯ ಬೆಕ್ಕು, ಬೆಕ್ಕು ಕಣ್ಣು ಮಿಟುಕಿಸುವ ಮುಂಚೆ ಒತ್ತಲು ಬಂದ ದಿನ ಸ್ಟುಡಿಯೋಕ್ಕೆ ವಾಪಸ್ ಬಂದೆ, ಜ್ವರ ಎಂದಿದ್ದೆ, ತಮ್ಮ ನಂಬಿದ, ಯಾರೂ ಗಮನಿಸಲಿಲ್ಲ, ಫೋಟೋ ತೆಗೆಯುವವರ ಮುಖ ಯಾರು ನೋಡುತ್ತಾರೆ, ಕ್ಷೌರಿಕನೊಬ್ಬನನ್ನು ಬಿಟ್ಟರೆ. ಎಂಟು ತಿಂಗಳ ಕೆಲಸವೆಲ್ಲ ಎಡಗಣ್ಣಿನದೇ, ಚೆನ್ನಾಗಿದೆ, ಜಂಬಕ್ಕೆ ಹೇಳುತ್ತಿಲ್ಲ, ಜಂಬಕ್ಕೇ ಹೇಳುತ್ತಿದ್ದೇನೆ, ಬಲಗಣ್ಣು ಸ್ವಲ್ಪ ಕಟುಕನ ಕಣ್ಣಾಗಿತ್ತು, ತಪ್ಪನ್ನೇ ಮೊದಲು ಹುಡುಕುತ್ತಿತ್ತು, ಎಡದ್ದು ಹೊಸ ಕೆಲಸಕ್ಕೆ ಸೇರಿದವರ ಹಾಗೆ ಎಲ್ಲವನ್ನೂ ಬೆರಗಿನಿಂದ ನೋಡುತ್ತದೆ, ಒಂದೇ ತೊಂದರೆ, ಹಳೆಯ ಕ್ಯಾಮೆರಾದ ಮಂಕು ಕಿಂಡಿಯಲ್ಲಿ ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು ತುಂಬುತ್ತದೆ, ಗಿರಣಿಯ ಒಳಗೆ ಬೆಳಕು ಕಡಿಮೆ, ನಾನೂರ ಹನ್ನೆರಡು ಜನ, ನೂಲು ಸುತ್ತುವವರಿಂದ ಮ್ಯಾನೇಜರಿನವರೆಗೆ ಒಬ್ಬೊಬ್ಬರದೂ ಒಂದು ಮುಖ, ಗಿರಣಿ ಮುಚ್ಚುವ ಮುಂಚೆ ಗೋಡೆಯ ತುಂಬ ಹಾಕಬೇಕಂತೆ, ಈ ಹೊಸದರ ಕಿಂಡಿ ಮಧ್ಯಾಹ್ನದ ಅಂಗಳದ ಹಾಗಿದೆ, ಬೇಕಾದರೆ ರೆಪ್ಪೆಯ ಕೂದಲನ್ನು ಬೆರಳಿನಷ್ಟು ದಪ್ಪ ಮಾಡಿ ತೋರಿಸುತ್ತದೆ, ಇದು ಕೈಯಲ್ಲಿದ್ದರೆ ನಾನೂರ ಹನ್ನೆರಡಲ್ಲ, ನಾಲ್ಕು ಸಾವಿರವಾದರೂ ಸರಿ.

ವಾಪಸ್ ಕಳಿಸೋಣ, ಎನ್ನುತ್ತಿದ್ದಾನೆ ತಮ್ಮ, ಇಪ್ಪತ್ತೆರಡು ಅಂಶಕ್ಕೆ ಟಿಕ್ಕು ಬಿದ್ದಿದೆ, ಇಪ್ಪತ್ತಮೂರನೇದು ಫೋಕಸ್ಸು, ಅದಕ್ಕೇ ಹೊಡೆತ, ಹಳೇ ಮಾಡೆಲ್ಲೇ ಇನ್ನೊಂದು ತಗೊಳ್ಳೋಣ, ಅದರ ಸ್ವಭಾವ ಗೊತ್ತಲ್ಲ. ಮಾವ ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ, ಇಟ್ಕೊಂಡ್ರೂ ಸರಿ, ಬಿಟ್ರೂ ಸರಿ, ಸ್ಟ್ಯಾಂಡ್ ಮೇಲಂತೂ ಚೆನ್ನಾಗಿ ನಡ್ಕೊಂಡ್ತು. ನನ್ನ ಹೆಬ್ಬೆರಳು ಮೆನುವಿನ ಗುಂಡಿಯ ಮೇಲಿದೆ, ಎರಡು ಸಲ ಒತ್ತಿದರೆ ಮುಟ್ಟುವ ಜಾಣತನ ಬಂದ್, ಮತ್ತೆ ರಸ್ತೆ ದಾಟಿ ನಲವತ್ತು ತೆಗೆದರೆ ನಲವತ್ತೂ ಸರಿ, ಮೊದಲು ಏನೋ ಆಗಿತ್ತು, ಈಗ ತಾನೇ ಸರಿಹೋಯ್ತು ಎಂದುಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ — ಆದರೆ ತಮ್ಮ ಒಪ್ಪುವುದಿಲ್ಲ, ಒಪ್ಪಬಾರದೆಂದು ಅವನಿಗೆ ಕಲಿಸಿದವಳು ನಾನೇ, ಅವನು ಹತ್ತೊಂಬತ್ತರಲ್ಲಿದ್ದಾಗ ಒಂದು ಶಟರ್ ಒಮ್ಮೆ ಕಚ್ಚಿಕೊಂಡು ತಾನೇ ಬಿಟ್ಟಿತು, ಹೋಗಲಿ ಎಂದೆವು, ಮಾರನೆಯ ವಾರ ಆರು ಜನ ಅಕ್ಕತಂಗಿಯರು ನಲವತ್ತು ವರ್ಷದ ಮೇಲೆ ಒಟ್ಟಿಗೆ ಕೂತ ದಿನವೇ ಮತ್ತೆ ಕಚ್ಚಿತು, ಆ ಆರು ಜನ ಮತ್ತೆ ಕೂಡಲೇ ಇಲ್ಲ, ಅಂದಿನಿಂದ ಕಾರಣ ಸಿಗದ ತಪ್ಪಿಗೆ ಈ ಸ್ಟುಡಿಯೋದಲ್ಲಿ ಜಾಗವಿಲ್ಲ, ಬಾಗಿಲ ಹಿಂದೆ ಅವನ ಕೈಯಿಂದಲೇ ಬರೆಸಿ ಅಂಟಿಸಿದ್ದೇನೆ, ಈಗಲೂ ಇದೆ, ಅಂಚು ಸುರುಳಿಯಾಗಿದೆ, ನನ್ನ ಕಾನೂನು ನನ್ನ ಕುತ್ತಿಗೆಗೇ. ಅವನು ಫೋನ್ ಕೈಗೆ ತೆಗೆದುಕೊಂಡ, ಏಜೆಂಟ್‌ಗೆ ಹೇಳಿಬಿಡ್ತೀನಿ, ಬೇಡ ಅಂತ, ಮೂರೂ ಮೂವತ್ತು, ಕಿಟಕಿಯ ಬಿಸಿಲು ಒಂದು ಗೇಣು ಸರಿದಿದೆ, ಬೆಳ್ಳುಳ್ಳಿ ಎಸಳು ಈಗ ಇನ್ನೂ ಚೆನ್ನಾಗಿ ಕಾಣುತ್ತಿದೆ, ಮಾವ ಸ್ಟ್ಯಾಂಡಿನ ಕಾಲು ಮಡಿಸುತ್ತಿದ್ದಾರೆ, ಒಂದು, ಎರಡು, ಬೆರಳು ತಿರುಪಿನ ಮೇಲೆ ನಡುಗಿ ನಿಲ್ಲುತ್ತದೆ, ಮತ್ತೆ ಹಿಡಿಯುತ್ತದೆ, ನನ್ನ ಬಾಯಿ ಹೇಳಿತು, ಫೋನ್ ಇಡು, ಕ್ಯಾಮೆರಾದ್ದೇನೂ ತಪ್ಪಿಲ್ಲ, ನನ್ನ ಮೂಗಿನದು.

ಏನು? ಎಂದ. ಕೇಬಲ್ ಹಾಕು, ಮಾನಿಟರ್ ನೋಡು, ಎಂದು ಲೆನ್ಸ್ ಕೂರಿಸಿ ಅವನ ಮುಖಕ್ಕೇ ಹಿಡಿದೆ, ಚೌಕವನ್ನು ಅವನ ಕಣ್ಣಿನ ಮೇಲಿಟ್ಟು ಉಸಿರು ಬಿಟ್ಟೆ, ಮಾನಿಟರಿನಲ್ಲಿ ಚೌಕ ಅವನ ಕಣ್ಣಿನಿಂದ ಎದ್ದು ಕಿವಿ ದಾಟಿ ಕಿಟಕಿಯ ಸರಳಿಗೆ ಹೋಗಿ ಕೂತಿತು, ವಾಪಸ್ ತಂದೆ, ಉಸಿರು ಬಿಟ್ಟೆ, ಮತ್ತೆ ಸರಳಿಗೆ, ಮಾವ ಹೋ ಎಂದು ನಕ್ಕರು, ನಿಮ್ಮಪ್ಪಂದೇ ಮೂಗು ಕಣಮ್ಮಾ, ಬದುಕಿದ್ದಾಗ್ಲೂ ಎಲ್ಲದರಲ್ಲೂ ತೂರಿಸೋನು, ತಮ್ಮನೂ ನಗಲು ಬಾಯಿ ತೆರೆದ, ತೆರೆದದ್ದು ಹಾಗೇ ನಿಂತಿತು, ಅವನು ದಡ್ಡನಲ್ಲ, ಓಡುವ ಹಾರುವ ವಸ್ತುಗಳನ್ನು ಹಿಡಿಯುವವನು, ನೀನು ಎಡಗಣ್ಣಲ್ಲಿ ನೋಡ್ತಿದ್ದೀಯ, ಎಂದ. ಹೌದು. ಯಾವಾಗಿಂದ? ಜ್ವರ ಬಂದಾಗಿಂದ. ಅವನು ಹತ್ತಿರ ಬಂದು ನನ್ನ ಎಡಗಣ್ಣಿನ ಮೇಲೆ ಅಂಗೈ ಇಟ್ಟ, ಬೆಚ್ಚಗಿತ್ತು, ಲೆನ್ಸ್ ಒರೆಸುವ ದ್ರವದ ವಾಸನೆ, ಹೇಳು, ನನ್ನ ಮೂಗು ಎಲ್ಲಿದೆ? ಕಿವಿಗಳಿದ್ದವು, ಕೂದಲಿತ್ತು, ನೆತ್ತಿಯಲ್ಲಿ ತೆಳ್ಳಗಾಗುತ್ತಿರುವುದೂ ಕಂಡಿತು, ನಡುವೆ ಬೂದು ಎಸಳು, ನಾನು ಹೇಳಿದೆ, ನಿನ್ನ ಮೂಗು ಕಣ್ಣು ಚೆನ್ನಾಗಿದ್ದಾಗಲೂ ಕಾಣ್ತಿರಲಿಲ್ವಲ್ಲೋ. ಅವನು ನಗಲಿಲ್ಲ, ಅಂಗೈ ತೆಗೆಯಲೂ ಇಲ್ಲ, ಯಾಕಕ್ಕಾ ನಂಗೆ ಹೇಳ್ಲಿಲ್ಲ, ಎಂದ, ಹೇಳಿದ್ರೆ ನೀನು ಗಿರಣಿ ಕೆಲಸ ನಾನೇ ಮಾಡ್ತೀನಿ ಅಂತಿದ್ದೆ, ಎಂದೆ, ಅಂತಿದ್ದೆ ಮತ್ತೆ, ನಿಂಗೆ ಕಷ್ಟ ಆಗ್ಬಾರದು ಅಂತ, ಎಂದ, ಅದಕ್ಕೇ ಹೇಳ್ಲಿಲ್ಲ, ಎಂದೆ, ನಂಗೆ ಕಷ್ಟ ಆಗಿದ್ದು ಎಲ್ಲಿ ಅಂತ ತೋರಿಸು, ಎಂಟು ತಿಂಗಳ ಫೋಲ್ಡರ್ ಅಲ್ಲೇ ಇದೆ, ತೆಗಿ. ತೆಗೆದ. ಆಸ್ಪತ್ರೆಯ ದಾದಿಯರು, ನಿವೃತ್ತ ನ್ಯಾಯಾಧೀಶರು, ಅವಳಿ ಮಕ್ಕಳು, ಪುಸ್ತಕದಂಗಡಿಯ ಮುದುಕಿ, ಒಂದೊಂದನ್ನೂ ಕಣ್ಣಿನ ಹತ್ತಿರಕ್ಕೆ ಎಳೆದು ನೋಡಿದ, ಅಪ್ಪ ನನಗೆ ಕಲಿಸಿಕೊಟ್ಟ ಹಾಗೆಯೇ, ಅಲ್ಲ, ನಾನು ಕಲಿಸಿದ ಹಾಗೆಯೇ, ರೆಪ್ಪೆ ಒಂದೊಂದೂ ಬೇರೆ ಬೇರೆ, ಕರುಣೆ ತೋರಿಸದೆ ನೋಡು ಎಂದೆ, ತೋರಿಸಲಿಲ್ಲ, ನ್ಯಾಯಾಧೀಶರ ಚಿತ್ರದ ಮುಂದೆ ತುಂಬ ಹೊತ್ತು ನಿಂತು, ಇದರಲ್ಲಿ ಫೋಕಸ್ಸು ಒಂದು ಕೂದಲೆಳೆಯಷ್ಟು ಹಿಂದೆ ಬಿದ್ದಿದೆ ಎಂದ, ಬಿದ್ದಿತ್ತು, ಅವತ್ತು ಸಂಜೆಯಾಗಿತ್ತು, ಹಳೆ ಕಿಂಡಿ, ಕಣ್ಣಲ್ಲಿ ನೀರು, ನಾನು ಅಡಗಿಸಲಿಲ್ಲ, ಹೌದು, ಅದಕ್ಕೇ ಇದು ಬೇಕು ಅಂತಿರೋದು. ಮಾವ ಸ್ಟ್ಯಾಂಡನ್ನು ಗೋಡೆಗೆ ಒರಗಿಸಿ, ಯಾರ ಕಡೆಯೂ ನೋಡದೆ ಹೇಳಿದರು, ಮೂರು ಕಾಲಿಗೆ ಒಪ್ಪಿದೋರು ಒಂದು ಕಣ್ಣಿಗೆ ಒಪ್ಪಲ್ವಾ, ಏನಪ್ಪಾ. ತಮ್ಮ ಅವರ ಕೈ ನೋಡಿದ, ನನ್ನನ್ನು ನೋಡಿದ, ಬಹುಶಃ ಅವನಿಗೂ ಗೊತ್ತಿತ್ತು, ಈ ಸ್ಟುಡಿಯೋದಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ, ಹಲಗೆಯ ಹತ್ತಿರ ಹೋಗಿ ಇಪ್ಪತ್ತಮೂರನೆಯ ಅಂಶದ ಮುಂದೆ, ಕಾರಣ: ಅಪ್ಪ, ಎಂದು ಬರೆದು ಟಿಕ್ ಹಾಕಿದ, ಗಿರಣಿಗೆ ನಾನೂ ಬರ್ತೀನಿ, ಲೈಟು ಹಿಡಿಯೋಕೆ, ಎಂದ, ಬಾ, ಆದ್ರೆ ಬಾಯಿ ಮುಚ್ಕೊಂಡು ಹಿಡೀಬೇಕು, ಎಂದೆ.

ಮೆಟ್ಟಿಲ ಮೇಲೆ ಬೂಟಿನ ಸದ್ದು, ಒಂಬತ್ತನೆಯದು ಅಲುಗಿತು, ಏಜೆಂಟ್, ಐದು ನಿಮಿಷ ಮುಂಚೆಯೇ ಬಂದಿದ್ದಾನೆ, ತಮ್ಮ ಮೆನು ತೆರೆದು ಎರಡು ಸಲ ಒತ್ತಿ ಮುಟ್ಟುವ ಜಾಣತನವನ್ನು ಬಂದ್ ಮಾಡಿದ, ಪರದೆ ಒರೆಸಲು ಮೆತ್ತನೆಯ ಬಟ್ಟೆ ತೆಗೆದ, ಇರಲಿ ಬಿಡು ಎಂದೆ, ಅವನು ಬಟ್ಟೆ ಮಡಿಸಿ ಜೇಬಿಗೆ ಹಾಕಿಕೊಂಡ, ಏಜೆಂಟ್ ಒಳಗೆ ಬಂದು ಪೆಟ್ಟಿಗೆ ಕೆಳಗಿಟ್ಟು ಏನು ತೀರ್ಮಾನ ಮಾಡಿದ್ರಿ ಮೇಡಂ ಎಂದು ಕೇಳುತ್ತಿದ್ದಾನೆ, ಅವನ ಬಾಯಿ ಕಾಣುತ್ತಿದೆ, ಟೈ ಕಾಣುತ್ತಿದೆ, ನಾನು ಗಾಜನ್ನು ನೋಡುತ್ತಿದ್ದೇನೆ, ಎಡಗಣ್ಣು ಮುಚ್ಚಿದರೆ ಗುರುತು ಇಲ್ಲ, ಅದರ ಜಾಗದಲ್ಲಿ ನನ್ನದೇ ಬೂದು, ಬಲಗಣ್ಣು ಮುಚ್ಚಿದರೆ ಇದೆ, ಮುಚ್ಚಿ ತೆರೆದೆ, ಇಲ್ಲ, ಇದೆ, ಇಲ್ಲ, ಇದೆ, ಒಂದು ಕಡೆ ದಪ್ಪ, ಒಂದು ಕಡೆ ಚೂಪು, ಬೆಳ್ಳುಳ್ಳಿ ಎಸಳಿನಷ್ಟು —

ಕ್ಯಾಮೆರಾ ಇಟ್ಟುಕೊಂಡೆವು.